ಬೀಗರ ಮನೆಗೆ ಹೋದ ಹಲಗೆ

ಮೈಸೂರಿನ ನಮ್ಮಮ್ಮನ ಮನೆಯ ಬಚ್ಚಲಲ್ಲಿ, ಹಂಡೆ ಒಲೆಯ ಪಕ್ಕ, ಮರದ ಹೊಟ್ಟು ತುಂಬಿದ ಒಂದು ತಗಡಿನ ಡಬ್ಬ ಇದೆ. ಆ ಡಬ್ಬದ ಮೇಲೆ ಮುಚ್ಚಳದ ಬದಲು ಒಂದು ಹಲಸಿನ ಹಲಗೆ ಇದೆ. ಆ ಹಲಗೆ ಮಾಡಿಕೊಟ್ಟವರು ನಮ್ಮ ಮಾವ, ನನ್ನ ಗಂಡನ ತಂದೆ. ಸೋಮವಾರ ಅವರು ಆ ಮನೆಗೆ ಹೋಗುತ್ತಾರೆ, ಆ ಬಚ್ಚಲಲ್ಲೇ ಸ್ನಾನ ಮಾಡುತ್ತಾರೆ.

ಆ ವಾರವೆಲ್ಲ ನನ್ನ ತಲೆಯಲ್ಲಿ ಇದು ಬಿಟ್ಟು ಬೇರೇನೂ ಇರಲಿಲ್ಲ. ಮಗುವಿಗೆ ಅನ್ನ ಕಲಸಿ ತುತ್ತು ಹಿಡಿದವಳು ಹಾಗೇ ಕೂತುಬಿಡುತ್ತಿದ್ದೆ. ಅದು ಬಾಯಿ ತೆರೆದು ಕಾದು ಕಾದು ಕೊನೆಗೆ ನನ್ನ ಕೈಯನ್ನೇ ಕಚ್ಚುತ್ತಿತ್ತು. ನಾನು ಮೊದಲಿಂದಲೂ ಹೆದರುವವಳೇ. ಮಗು ಕೆಮ್ಮಿದರೆ ನಾಯಿಕೆಮ್ಮು, ಬಿದ್ದರೆ ಮೂಳೆ ಮುರಿಯಿತು, ಹೆಚ್ಚು ಹೊತ್ತು ಮಲಗಿದರೆ ಎದ್ದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು. ಆದರೆ ಅವೆಲ್ಲ ಬಂದ ಹಾಗೇ ಹೋಗುವ ಹೆದರಿಕೆಗಳು. ಇದು ಹೋಗಲಿಲ್ಲ. ಯಾಕೆಂದರೆ ಇದರಲ್ಲಿ ಹೆದರಿಕೆಗಿಂತ ನಾಚಿಕೆ ಹೆಚ್ಚಿತ್ತು.

ನಮ್ಮ ಮಾವನ ಹೆಸರು ದೇವಣ್ಣ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ‘ಅಂಚಿನ ದೇವಣ್ಣ’ ಅಂದರೆ ಗೊತ್ತಿಲ್ಲದವರಿಲ್ಲ. ರೇಷ್ಮೆ ಸೀರೆಯ ಒಡಲನ್ನು ಯಾರಾದರೂ ನೇಯ್ದಾರು, ಬೇರೆ ಬಣ್ಣದ ಅಂಚನ್ನು ಒಡಲಿಗೆ ಕೂಡಿಸುವಾಗ ಸಂದು ಕಾಣದ ಹಾಗೆ ನೇಯುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಬೀದಿಯವರ ಮಾತು. ಅವರ ಮಾತೂ ಅದೇ. ಜಂಬಕ್ಕೇನೂ ಕಡಿಮೆ ಇರಲಿಲ್ಲ. ಊರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅವರು ಸ್ವಂತ ಮಗ್ಗ ಹಾಕಿದ್ದು. “ಕೋಯಮತ್ತೂರು ಜಿಲ್ಲೇಲಿ ಕಲ್ತೆ, ಮೈಸೂರು ಸೀಮೇಲಿ ನೇಯ್ದೆ. ಎರಡು ಸರ್ಕಾರಕ್ಕೂ ಸೀರೆ ಉಡಿಸಿದೋನು ನಾನು” ಎಂದು ಜಗಲಿಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು. ಅತ್ತೆ ರಂಗಮ್ಮ ಒಳಗಿನಿಂದಲೇ, “ಎರಡು ಸರ್ಕಾರಕ್ಕೂ ಉಡಿಸ್ದ, ನಂಗೊಂದು ಉಡಿಸ್ನಿಲ್ಲ” ಅನ್ನುತ್ತಿದ್ದರು.

ಅತ್ತೆಗೆ ಕೊನೆಗೂ ಒಂದು ರೇಷ್ಮೆ ಸೀರೆ ಸಿಕ್ಕಿತು. ಅದು ಸಿಕ್ಕ ಬಗೆಯನ್ನು ಮನೆಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ನಾನು ಮದುವೆಯಾಗಿ ಬರುವುದಕ್ಕೆ ಸ್ವಲ್ಪ ಮುಂಚೆ ಮಾವನ ಕಣ್ಣಿಗೆ ಮಂಜು ಕವಿಯತೊಡಗಿತ್ತು. ಅವರು ಯಾರಿಗೂ ಹೇಳಲಿಲ್ಲ. ಬೆಳಕು ಸಾಲದು ಅಂತ ಹೆಂಚು ತೆಗೆಸಿ ಗಾಜು ಹಾಕಿಸಿದರು, ದೀಪದ ಬುಡ್ಡಿಯನ್ನು ಬೈದರು, ನೂಲಿನ ಬಣ್ಣವನ್ನೇ ಬೈದರು. ಒಂದು ದಿನ ನೂಲು ಕೊಡುವ ಸಾಹುಕಾರರು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅವರ ಸೀರೆ ಬಿಚ್ಚಿ, ಅಂಚು ಒಡಲು ಕೂಡುವ ಕಡೆ ಬೆರಳು ತೂರಿಸಿ ತೋರಿಸಿದರಂತೆ. ಬೆರಳು ಆ ಕಡೆ ಹೊರಬಂತಂತೆ. ಮಾವ ಸೀರೆ ಮಡಿಸಿಕೊಂಡು ಮನೆಗೆ ಬಂದು ಅತ್ತೆಯ ಮಡಿಲಿಗೆ ಹಾಕಿ, ಮಾರನೆಯ ದಿನ ಮಗ್ಗದಿಂದ ಹಾಸು ನೂಲನ್ನೆಲ್ಲ ಕತ್ತರಿಸಿ ತೆಗೆದರು. ಮತ್ತೆ ಕಾಲು ಇಳಿಬಿಟ್ಟು ನೇಯುವ ಆ ಮಗ್ಗದ ಗುಂಡಿಗೆ ಇಳಿಯಲಿಲ್ಲ. ಕಣ್ಣಿನ ಮಾತು ಯಾರಾದರೂ ಎತ್ತಿದರೆ “ನಂಗೇನಾಗದೆ?” ಎಂದು ಎದ್ದು ಹೋಗುತ್ತಿದ್ದರು.

ಹಾಗೆ ಕೈಗೆ ಕೆಲಸವಿಲ್ಲದೆ, ಜಗಲಿಯ ಕಂಬ ಸವರುತ್ತ ಕೂತಿದ್ದ ಮನುಷ್ಯನ ಮನೆಗೆ ನಾನು ಸೊಸೆಯಾಗಿ ಬಂದೆ. ಮೈಸೂರಿನಲ್ಲಿ ಓದಿದವಳು, ಗೃಹವಿಜ್ಞಾನದಲ್ಲಿ ಫಸ್ಟ್ ಕ್ಲಾಸು. ನಮ್ಮದೂ ಒಂದೇ ಕುಲ, ನಮ್ಮ ತಾತನೂ ನೇಯ್ದವರೇ. ಆದರೆ ಅಪ್ಪ ಸೀರೆ ಅಂಗಡಿ ಇಟ್ಟು ಮಹಡಿ ಮನೆ ಕಟ್ಟಿಸಿ ಟೆಲಿಫೋನು ಹಾಕಿಸಿದ ಮೇಲೆ ಅಮ್ಮ ಮಗ್ಗದ ಸುದ್ದಿಯನ್ನೇ ಬಿಟ್ಟಿದ್ದಳು. ನಮ್ಮವರು ಹನೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವುದು.

ಮಗಳು ಹುಟ್ಟಿ ತೆವಳುವುದಕ್ಕೆ ಶುರು ಮಾಡಿದಾಗ ನನ್ನ ಕಣ್ಣಿಗೆ ಆ ಮನೆಯಲ್ಲಿ ಒಂದೇ ಒಂದು ವಸ್ತು ಕಾಣಿಸತೊಡಗಿತು. ಅತ್ತೆಯ ಈಳಿಗೆಮಣೆ. ಮಣೆಯ ಮೇಲೆ ಹಾವಿನ ಹೆಡೆಯ ಹಾಗೆ ಎದ್ದು ನಿಂತ ಅಲಗು. ಅತ್ತೆ ಅದರ ಮುಂದೆ ಕಾಲು ಮಡಿಸಿ ಕೂತು ಬದನೆಕಾಯಿ ಹೆಚ್ಚುತ್ತಿದ್ದರೆ ಮಗು ನೆಲದ ಮೇಲೆ ಸರಸರ ಅದರ ಕಡೆಗೇ ಹೋಗುತ್ತಿತ್ತು. ಅಲಗು ಮಡಚಿಡಿ ಅಂದರೆ ಅತ್ತೆ, “ನಿನ್ನ ಗಂಡ ತೆವಳಿದ್ದೂ ಇದೇ ನೆಲದ್ ಮ್ಯಾಲೆ, ಕುಯ್ಕಂಡ್ನ?” ಅಂದರು. ನಾನು ನಿಂತುಕೊಂಡು ಚಾಕುವಿನಲ್ಲಿ ಹೆಚ್ಚುತ್ತೇನೆ ಅಂತ ಹಟ ಹಿಡಿದೆ. ಹೆಚ್ಚಲು ಹಲಗೆ ಬೇಕಲ್ಲ? ಊಟದ ತಟ್ಟೆ ಮಗುಚಿ ಅದರ ಮೇಲೆ ಹುರುಳಿಕಾಯಿ ಇಟ್ಟು ಹೆಚ್ಚಲು ಹೋಗಿ ಬೆರಳು ಕೊಯ್ದುಕೊಂಡೆ.

ಮಾವ ಜಗಲಿಯಿಂದ ಕೂಗಿದರು. “ಏನಮ್ಮಿ ಅದು ಸದ್ದು? ಒಳಗೆ ತಮಟೆ ಒಡೀತಿದ್ದೀಯ?”

“ಇವಳಿಗೆ ಈಳಿಗೆಮಣೆ ಕಂಡ್ರೆ ಉಲಿ ಕಂಡಂಗೆ ಆಯ್ತದಂತೆ” ಅಂದರು ಅತ್ತೆ.

“ಮಗು ತೆವಳುತ್ತೆ ಮಾವ” ಅಂದೆ. ಅಳು ಬಂದಿತ್ತು.

ಅವರು ನಗಲಿಲ್ಲ. “ಹಲಗೆ ಎಷ್ಟು ಗೇಣು ಇರ್ಬೇಕು?” ಅಂದರು.

ಅವರ ಮೊದಲನೆಯ ಹಲಗೆ ಹುಟ್ಟಿದ್ದು ಹೀಗೆ. ಯಳಂದೂರಿನಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದಾರೆಂದು ಗೆಳೆಯ ಹನುಮಯ್ಯ ಹೇಳಿದ್ದೇ ತಡ, ಇಬ್ಬರೂ ಬಸ್ಸಿನಲ್ಲಿ ಹೋಗಿ ಹಲಸಿನ ಬಾಗಿಲಿನ ಹಲಗೆಗಳನ್ನು ಹೊತ್ತು ತಂದರು. ಗರಗಸ ಹಿಡಿದು ಅಭ್ಯಾಸವಿಲ್ಲ. ಕಣ್ಣಿಗೆ ಗೆರೆ ಕಾಣದು. ಅಂಗೈಯಿಂದ ಸವರಿ ಸವರಿ ಅಂದಾಜಿನ ಮೇಲೆ ಕೊಯ್ದು, ಒಡೆದ ಸೀಸೆಯ ಚೂರಿನಿಂದ ಹೆರೆದು, ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ಎಳ್ಳೆಣ್ಣೆ ಕುಡಿಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯ ಹಲಗೆಯೇ ಆಗುತ್ತಿತ್ತೇನೋ. ಆದರೆ ಜೀವಮಾನವೆಲ್ಲ ಸೀರೆ ನೇಯ್ದವರಿಗೆ ಅಂಚಿಲ್ಲದೆ ಒಂದು ವಸ್ತುವನ್ನು ಮುಗಿಸುವುದು ಗೊತ್ತಿರಲಿಲ್ಲ. ಎರಡು ಪಕ್ಕಕ್ಕೂ ಉದ್ದಕ್ಕೆ ಉಳಿಯಿಂದ ಜೋಡಿ ಗೀರು ತೆಗೆದರು. ಒಂದು ತುದಿಗೆ ಅಡ್ಡಲಾಗಿ ಹತ್ತಾರು ಗೀರು, ಅದು ಸೆರಗು.

ಎದುರು ಮನೆಯ ಕೆಂಪಾಜಮ್ಮ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. “ಅಲ್ಲ ಕಣ್ ದೇವಣ್ಣ, ಹಲಗೆಗೂ ಸೀರೆ ಉಡಿಸಿದ್ದೀಯಲ್ಲ. ಕುಪ್ಪಸ ಯಾವಾಗ ಒಲಿಸೀಯೆ?”

“ನಿಂಗೊಂದು ಮಾಡ್ಕೊಡ್ತೀನಿ ತಡಿ. ಅದಕ್ಕೆ ಸೆರಗು ಬುಟ್ಬುಡ್ತೀನಿ, ನಿಂಗೆಂಗಿದ್ರೂ ಸೆರಗು ನಿಲ್ಲಾಕಿಲ್ಲ” ಅಂದರು ಮಾವ. ಬೀದಿಗೆ ಬೀದಿಯೇ ನಕ್ಕಿತು.

ನಗುತ್ತಲೇ ಎಲ್ಲರೂ ಮಾಡಿಸಿಕೊಂಡರು. ಕೆಂಪಾಜಮ್ಮ ತನ್ನ ಹಲಗೆಯ ಮೇಲೆ ಚಕ್ಕುಲಿ ಒತ್ತುತ್ತಿದ್ದಳು. ಧನಗೆರೆಗೆ ಮದುವೆಯಾಗಿ ಹೋದ ಹುಡುಗಿಗೆ ಪಾತ್ರೆ ಪಗಡೆಯ ಜೊತೆ ಒಂದು ಹಲಗೆ ಹೋಯಿತು. ಸಿದ್ದಯ್ಯ ಎನ್ನುವ ನೇಕಾರರು ತಮ್ಮ ಹಲಗೆಯ ಮೇಲೆ ಎಲೆ ಅಡಿಕೆ ಕತ್ತರಿಸಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಅವು ಒಳ್ಳೆಯ ಹಲಗೆಗಳಲ್ಲ. ನೆಲದ ಮೇಲಿಟ್ಟರೆ ಒಂದು ಮೂಲೆ ಎದ್ದು ಟಕ್ ಟಕ್ ಅನ್ನುತ್ತಿತ್ತು. ಕೆಳಗೆ ಒಂದು ಚಿಂದಿ ಮಡಿಸಿ ಇಡಬೇಕು. ಗೀರುಗಳೊಳಗೆ ಸೌತೆಕಾಯಿ ಬೀಜ, ಶುಂಠಿಯ ನಾರು, ಏನೆಲ್ಲ ಸೇರಿ ಕಪ್ಪಾಗುತ್ತಿತ್ತು. ಮಗುವಿಗೆ ಭೇದಿಯಾದಾಗಲೆಲ್ಲ ನಾನು ಆ ಗೀರುಗಳನ್ನೇ ಅನುಮಾನಿಸಿ ತಲೆಯ ಪಿನ್ನು ತೆಗೆದು ಕೆರೆದು ಕುದಿಯುವ ನೀರು ಸುರಿಯುತ್ತಿದ್ದೆ. ಮಾವನಿಗೆ ಕಾಣದ ಹಾಗೆ, ಹಿತ್ತಲಲ್ಲಿ. ಅವರಿಗೆ ಕಾಣುತ್ತಿದ್ದುದೇ ಕಡಿಮೆ, ಆದರೂ ಹಿತ್ತಲಲ್ಲಿ.

ಆ ವರ್ಷದ ಗೌರಿ ಹಬ್ಬಕ್ಕೆ ನನ್ನನ್ನೂ ಮಗುವನ್ನೂ ಮೈಸೂರಿಗೆ ಬಿಡಲು ಮಾವನೇ ಬಂದರು. ಬೀಗರಿಗೆ ಅಂತ ಒಂದು ಹಲಗೆ ವಿಶೇಷವಾಗಿ ಮಾಡಿದ್ದರು. ಹೊಸ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ನರಸೀಪುರದಲ್ಲಿ ಬಸ್ಸು ನಿಂತಾಗಲೂ ಕೆಳಗಿಡಲಿಲ್ಲ. ಮನೆ ಮುಟ್ಟಿ ನಡುಮನೆಯಲ್ಲಿ ನಿಂತು ಅಮ್ಮನಿಗೆ ಕೊಟ್ಟರು. “ಅಯ್ಯೋ, ಎಷ್ಟು ಚೆನ್ನಾಗಿದೆ ಬೀಗರೇ” ಅಂದಳು ನಮ್ಮಮ್ಮ ಅನಸೂಯಮ್ಮ. ಕಾಫಿ ಕುಡಿದು ಅವರು ಸಂಜೆಯ ಬಸ್ಸಿಗೇ ಹಿಂದಿರುಗಿದರು. ಬೀಗರ ಮನೆಯಲ್ಲಿ ರಾತ್ರಿ ಉಳಿಯುವುದು ನಮ್ಮಲ್ಲಿಲ್ಲ.

ಅವರು ಹೋದ ಮೇಲೆ ಅಮ್ಮ ಹಲಗೆಯನ್ನು ಅಡಿಗೆ ಕಟ್ಟೆಯ ಮೇಲಿಟ್ಟು ಒಂದು ಬೆರಳಿನಿಂದ ಮೂಲೆ ಒತ್ತಿದಳು. ಟಕ್. ಬಿಟ್ಟಳು. ಟಕ್.

“ಇದೇನೇ, ಹಲಗೇನೋ ತೊಟ್ಟಿಲೋ?”

ನಾನು ನಕ್ಕೆ.

“ಈ ಗೀರೆಲ್ಲ ಯಾತಕ್ಕೆ?”

“ಅದು ಸೆರಗು” ಅಂದೆ, ಇನ್ನೂ ಜೋರಾಗಿ ನಕ್ಕೆ. ಪಿನ್ನಿನಲ್ಲಿ ಕೆರೆಯುವುದನ್ನೂ ನಾನೇ ಹೇಳಿದೆ, ಅಭಿನಯ ಮಾಡಿ ತೋರಿಸಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ತವರಿಗೆ ಬಂದ ಸಡಗರ. ಅಷ್ಟು ದಿನ ಬಿಗಿಹಿಡಿದಿದ್ದುದು ಸಡಿಲಾಯಿತು ಅಂತ ಆಗ ಅನ್ನಿಸಿತ್ತು. ಮಾರನೆಯ ದಿನ ಹಲಗೆ ಬಚ್ಚಲಿಗೆ ಹೋಗಿತ್ತು. ನೋಡಿದೆ. ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದೆ.

ಕೊಳ್ಳೇಗಾಲಕ್ಕೆ ಹಿಂದಿರುಗಿದ ದಿನ, ಚೀಲ ಕೆಳಗಿಡುವ ಮೊದಲೇ ಮಾವ ಕೇಳಿದರು. “ಬೀಗಿತ್ತೇರು ಏನಂದ್ರಮ್ಮಿ, ಹಲಗೆಗೆ?”

“ದಿನಾ ಅದರ ಮೇಲೇ ಹೆಚ್ಚುತ್ತಾರೆ ಮಾವ.”

ಬಾಯಿಗೆ ಬಂದದ್ದನ್ನು ಆಡಿದೆ. ಅವರು ಅದನ್ನು ಹಿಡಿದುಕೊಂಡರು. ಬೀದಿಯಲ್ಲಿ ಯಾರು ಸಿಕ್ಕರೂ, “ಮೈಸೂರಲ್ಲಿ, ಮಹಡಿ ಮನೇಲಿ, ನನ್ನ ಹಲಗೆ ದಿನಾ ಕೆಲ್ಸ ಮಾಡ್ತದೆ ಕಣ್ಲಾ” ಅನ್ನುವರು. ನಾನು ಒಳಗೆ ಪಾತ್ರೆಗಳನ್ನು ಜೋರಾಗಿ ತೊಳೆಯುವೆ.

ಹೀಗೇ ಒಂದು ವರ್ಷಕ್ಕೂ ಮೇಲಾಯಿತು. ಸಂಕ್ರಾಂತಿ ಕಳೆದ ಮೇಲೆ ಊರಿಗೆ ಕಣ್ಣಿನ ಡಾಕ್ಟರು ಬಂದರು. ನಮ್ಮವರು ಗದರಿಸಿ ಕರೆದುಕೊಂಡು ಹೋದರು. ಪೊರೆ ಹಣ್ಣಾಗಿ ಮಾಗಿದೆ, ಎರಡೂ ಕಣ್ಣಿಗೆ. ಇನ್ನು ತಡಮಾಡಿದರೆ ಒಳಗೇ ಕೆಟ್ಟು ಕಣ್ಣೇ ಹೋಗುತ್ತದೆ, ತಕ್ಷಣ ಮೈಸೂರಿಗೆ ಹೋಗಿ ತೆಗೆಸಿ ಅಂದರು ಡಾಕ್ಟರು. ತೆಗೆಸಿದ ಮೇಲೆ ಒಂದಷ್ಟು ದಿನ ಅಲ್ಲೇ ಇರಬೇಕು, ಪಟ್ಟಿ ಬದಲಿಸಬೇಕು, ಬಸ್ಸಿನ ಕುಲುಕಾಟ ಕೂಡದು. ನಮ್ಮವರು ಸ್ಕೂಲಿನ ಫೋನಿನಿಂದ ನಮ್ಮಪ್ಪನಿಗೆ ಹೇಳಿದರು. “ಅದಕ್ಕೇನು, ಕಳಿಸಿ” ಅಂದರಂತೆ ಅಪ್ಪ.

ಮಾವ ಖಂಡಿತ ಒಪ್ಪಲಿಲ್ಲ. “ಬೀಗರ ಮನೇಲಿ ವಾರಗಟ್ಲೆ ಕೂತು ಉಣ್ಣಾಕೆ ನಾನೇನು ಗತಿಗೆಟ್ಟೋನಾ? ಕಣ್ಣು ಓದ್ರೆ ಓಯ್ತದೆ.” ನಮ್ಮವರು ರೇಗಿದರು, ಅತ್ತೆ ಅತ್ತರು, ಹನುಮಯ್ಯನವರು ಬಂದು ಹೇಳಿದರು. ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಾವಾಗೇ, “ಓಯ್ತೀನಿ” ಅಂದರು. ಏನಾಯಿತೋ ಅಂತ ನಾವು ಮುಖ ಮುಖ ನೋಡಿಕೊಂಡೆವು. “ಯೋಚ್ನೆ ಮಾಡ್ದೆ ಕನ. ನನ್ನದೊಂದು ಹಲಗೆ ಆ ಮನೇಲಿ ದಿನಾ ದುಡೀತದೆ. ಅವ್ರು ಉಣ್ಣೋ ಸಾರು, ಪಲ್ಯ ಎಲ್ಲ ಅದರ ಮ್ಯಾಲಿಂದ್ಲೇ ಬರ್ಬೇಕು. ನಾನು ಬಿಟ್ಟಿ ಉಂಡಂಗಲ್ಲ.”

ಎಲ್ಲರೂ ಬದುಕಿದೆವು ಅಂದುಕೊಂಡರು, ಸೋಮವಾರ ಹೊರಡುವುದೆಂದಾಯಿತು.

ನಾನು ಆ ಬಚ್ಚಲನ್ನು ನೆನೆಸಿಕೊಂಡೆ. ಪಟ್ಟಿ ಬಿಚ್ಚಿದ ಮೇಲೆ, ದಪ್ಪ ಕನ್ನಡಕ ಹಾಕಿಕೊಂಡು, ಎಷ್ಟೋ ವರ್ಷದ ಮೇಲೆ ಕಣ್ಣು ತುಂಬ ನೋಡುವ ಆಸೆಯಲ್ಲಿ ಆ ಮನುಷ್ಯ ನಾಲ್ಕು ಕಡೆ ನೋಡುತ್ತಾರಲ್ಲ. ನಮ್ಮವರಿಗೆ ಹೇಳಿದೆ. “ಇಷ್ಟೇ ತಾನೆ? ನಿಮ್ಮಮ್ಮನಿಗೆ ಫೋನು ಮಾಡಿ ಅದನ್ನು ಅಡಿಗೆಮನೆಗೆ ಇಡಿಸಿಬಿಡು” ಅಂದು ಪೇಪರು ಓದತೊಡಗಿದರು. ಇಷ್ಟೇ. ಬೀದಿಯ ಕೊನೆಯಲ್ಲಿ ವೃಷಭೇಂದ್ರಪ್ಪನವರ ದವಸದ ಅಂಗಡಿಯಲ್ಲಿ ಫೋನಿದೆ. ಹೋದೆ. ಅಂಗಡಿ ತುಂಬ ಜನ. ಅರ್ಧ ಸೇರು ಕಡಲೆ ತೆಗೆದುಕೊಂಡು ಬಂದೆ. ಮತ್ತೆ ಹೋದೆ, ಜನ ಇರಲಿಲ್ಲ, ಧೈರ್ಯ ಇರಲಿಲ್ಲ. ಅಮ್ಮನಿಗೆ ಏನಂತ ಹೇಳುವುದು? ಹೇಳಿದರೆ ಅವಳು ನಗುತ್ತಾಳೆ. “ಸೆರಗನ್ನು ಪಿನ್ನಿನಲ್ಲಿ ಕೆರೆದು ಇಟ್ಟಿರಲೇನೆ?” ಅನ್ನುತ್ತಾಳೆ. ಅವಳಿಗೆ ಆ ನಗುವನ್ನು ಕಲಿಸಿದವಳು ನಾನು. ಮತ್ತೊಮ್ಮೆ ಬೆಲ್ಲ ತಂದೆ. ಮನೆಯಲ್ಲಿ ಬೆಲ್ಲ ಇತ್ತು.

ಶುಕ್ರವಾರ ಬೆಳಿಗ್ಗೆ ಮಾವ ಜಗಲಿಯ ಮೇಲೆ ಕೂತು ಚೀಲ ತುಂಬುತ್ತಿದ್ದರು. ಎರಡು ಪಂಚೆ, ವಿಭೂತಿ ಗಟ್ಟಿ, ಎಲೆ ಅಡಿಕೆ ಸಂಚಿ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಉಳಿ, ಗಾಜಿನ ಚೂರು, ಒಂದು ಸಣ್ಣ ಶೀಶೆ ಎಳ್ಳೆಣ್ಣೆ. ನಾನು ಮಗುವನ್ನು ಗಾಜಿನಿಂದ ದೂರ ಎಳೆದುಕೊಂಡೆ.

“ಆಸ್ಪತ್ರೆಗೆ ಇದೆಲ್ಲ ಯಾಕೆ ಮಾವ?”

“ನಿಮ್ಮವ್ವ ಎಡಗೈಲಿ ಎಚ್ಚೋರೋ ಬಲಗೈಲೋ?”

“ಬಲಗೈ. ಯಾಕೆ?”

“ದಿನಾ ಎಚ್ಚಿದ್ದಕ್ಕೆ ನಡುವೆ ಗುಳಿ ಬಿದ್ದಿರ್ತದೆ ಕಣಮ್ಮಿ. ಬಲಗೈಯೋರಾದ್ರೆ ಒಂದ್ಕಡಿಕೆ ಜಾಸ್ತಿ. ಕಣ್ಣು ಕಟ್ಟಿದ್ರೇನು, ಕೈ ಅವಲ್ಲ. ಚಾಕು ಗಾಯ ಸವರ್ಕಂಡು ಸವರ್ಕಂಡು ಕೆರೆದು ಮಟ್ಟ ಮಾಡ್ಕೊಡ್ತೀನಿ. ಉಂಡಿದ್ದಕ್ಕೆ ಅಷ್ಟಾದ್ರೂ ಮಾಡ್ಬ್ಯಾಡ್ವ?”

ಅಲ್ಲಿಗೆ ಮುಗಿಯಿತು. ಅಮ್ಮ ಅದನ್ನು ತೊಳೆದು ಅಡಿಗೆಮನೆಯಲ್ಲಿಟ್ಟರೂ ಅದರ ಮೈಮೇಲೆ ಒಂದು ಚಾಕುವಿನ ಗೆರೆ ಇಲ್ಲ. ಅವರ ಬೆರಳಿಗೆ ಮೊದಲ ಸಲ ಮುಟ್ಟಿದಾಗಲೇ ಗೊತ್ತಾಗುತ್ತದೆ. ಅಮ್ಮನಿಗೆ ಹೇಳಿ ಹಲಗೆಯ ಮೇಲೆ ಸುಮ್ಮನೆ ಕಚಕಚ ಕೊಚ್ಚಿಸಿಬಿಡಲೇ ಅಂತಲೂ ಒಂದು ಕ್ಷಣ ಯೋಚಿಸಿದೆ; ನಿಜಕ್ಕೂ ಯೋಚಿಸಿದೆ. ಮಗುವನ್ನು ಸೊಂಟದ ಮೇಲೆತ್ತಿಕೊಂಡು ನಿಂತೇ ಇದ್ದೆ. ಆಮೇಲೆ ಮಾತು ತಾನಾಗೇ ಬಂತು.

“ಮಾವ, ಅದರ ಮೇಲೆ ಯಾರೂ ಹೆಚ್ಚಿಲ್ಲ.”

ಅವರು ಶೀಶೆಯ ಬಿರಡೆ ಬಿಗಿಮಾಡುತ್ತಿದ್ದರು. “ಏನಂದೆ?”

“ಅದು ಬಚ್ಚಲಲ್ಲಿದೆ. ಹೊಟ್ಟಿನ ಡಬ್ಬಕ್ಕೆ ಮುಚ್ಚಳ ಮಾಡಿದ್ದಾರೆ.”

“ಯಾವಾಗಿಂದ?”

“ನೀವು ಕೊಟ್ಟ ಮಾರನೇ ದಿನದಿಂದ.”

“ನೀನು ನೋಡ್ದೆ.”

“ನೋಡಿದೆ ಮಾವ.”

ಬೀದಿಯಲ್ಲಿ ಯಾರದೋ ಮಗ್ಗ ಬಡಿಯುತ್ತಿತ್ತು. ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ, ಭುಜದ ಪಕ್ಕ ಎಲ್ಲೋ ನಿಂತಿತು. “ನಕ್ಕಿದ್ರಾ?”

“ಹೂಂ. ನಾನೂ ನಕ್ಕೆ.”

ಅವರು ಚೀಲದಿಂದ ಪಂಚೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ವಿಭೂತಿ ಗಟ್ಟಿಯನ್ನು ತೆಗೆದು ಗೂಡಿನಲ್ಲಿಟ್ಟರು. “ಅವತ್ತು ಸಾವ್ಕಾರ ನಾಕು ಜನದ ಮುಂದೆ ಸೀರೆ ಬಿಚ್ಚಿ ತೋರಿಸ್ದ. ಬೋ ಬೈಕಂಡಿದ್ದೆ ಅವನ್ನ. ಒಳ್ಳೇ ಮನ್ಸ. ಮುಖದ ಮುಂದ್ಲೇ ಅಂದ” ಅಂದರು. “ನಾನು ಓಗಲ್ಲ. ನಿನ್ನ ಗಂಡಂಗೆ ಯೋಳ್ಬುಡು.”

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಮಗು ಉಳಿಯ ಕಡೆ ಕೈ ಚಾಚಿದಾಗ, “ಕೂಸ ಹಿಡ್ಕೊ, ಗಾಜು ಅದೆ” ಅಂದರು, ಅದೇ ದನಿಯಲ್ಲಿ.

ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಒದ್ದೆ ಕೈಯಲ್ಲೇ ಹೊರಗೆ ಬಂದು ಮೊದಲು ಗಂಡನ ಮೇಲೆ ಹರಿಹಾಯ್ದರು. “ಮರದ ಚೂರಿಗೋಸ್ಕರ ಕಣ್ಣು ಕಳ್ಕಂಡೀಯಾ? ಕುಲ್ಡಾಗಿ ಕೂತ್ಕೊ, ನಾನು ಕೈ ಹಿಡ್ಕಂಡು ಕೆರೆಗೆ ಕರ್ಕೊಂಡೋಯ್ತೀನಿ.” ಅತ್ತೆ ನನ್ನನ್ನು ಒಳಗೆ ಕರೆದರು. ನಾನು ತಲೆ ತಗ್ಗಿಸಿ ನಿಂತೆ. ಏಟು ಬಿದ್ದರೂ ಸರಿ ಅನ್ನಿಸಿತ್ತು.

“ನಕ್ಕಿದ್ದು ನಕ್ಕಾಯ್ತು” ಅಂದರು. “ನಾನೂ ನಗ್ತೀನಿ, ಅವ್ನ ಹಲಗೆ ಕುಂಟ್ತದೆ. ಆದ್ರೆ ಅವ್ನ ಮುಂದ್ಲೇ ನಗ್ತೀನಿ. ಅದಿರ್ಲಿ. ನಂಗೊಂದು ಯೋಳು. ನೀನು ಓಗಿ ಅಂದೆ, ನಿನ್ನ ಗಂಡ ಓಗು ಅಂದ, ನಿಮ್ಮಪ್ಪ ಕಳಿಸಿ ಅಂದ್ರಂತೆ. ನಿಮ್ಮವ್ವ ಬಾ ಅಂದ್ಲಾ?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ಬೀಗಿತ್ತಿ ಬಂದು ಕುಂಕುಮ ಇಟ್ಟು ಕರೀದೆ ಈ ಬೀದೀಲಿ ಯಾರಾದ್ರೂ ಬೀಗರ ಮನೇಲಿ ರಾತ್ರಿ ಉಳ್ಕಂಡವ್ರಾ? ಅದಕ್ಕೇ ಆವಯ್ಯ ಹಲಗೆ ನೆಪ ಹಿಡ್ಕಂಡಿದ್ದು. ಕರೀನಿಲ್ಲ ಅಂತ ಬಾಯಿ ಬಿಟ್ಟು ಅಂದಾನಾ? ನೀನು ಆ ನೆಪಾನೂ ಕಿತ್ಕಂಡೆ.”

ನಾನು ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಹಾಗೇ ಬೀದಿಗಿಳಿದೆ. ಜಗಲಿಯ ಮೇಲೆ ಮಾವ ಕಂಬಕ್ಕೆ ಒರಗಿದ್ದರು. ಅವರ ಮುಂದೆಯೇ ಹಾದುಹೋದೆ.

“ಬನ್ನಿ ತಾಯಿ” ಅಂದರು ವೃಷಭೇಂದ್ರಪ್ಪ. “ಕಡ್ಲೆ ಆಯ್ತು, ಬೆಲ್ಲ ಆಯ್ತು. ಇವತ್ತೇನು, ಉಪ್ಪಾ?”

“ಮೈಸೂರಿಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಿ ಕೊಡಿ.”

“ಅದಾ! ಮೊದ್ಲೇ ಅಂದಿದ್ರೆ ಆಗ್ತಿರಲಿಲ್ವಾ. ಫೋನೇನು ಕಚ್ಚಲ್ಲ.”

ಕಾಯಬೇಕಾಯಿತು. ರಾಗಿ ಮೂಟೆಯ ಮೇಲೆ ಕೂತೆ. ಕೆಂಪಾಜಮ್ಮ ತೊಗರಿಬೇಳೆಗೆ ಬಂದವಳು, ಬೇಳೆ ಕಟ್ಟಿಸಿಕೊಂಡ ಮೇಲೂ ನಿಂತಳು. ಬಂಡಳ್ಳಿಯಿಂದ ದವಸ ಹಾಕಲು ಬಂದಿದ್ದ ರೈತರಿಬ್ಬರು ಬೀಡಿ ಸೇದುತ್ತ ಕೂತಿದ್ದರು. ಎಲ್ಲರೂ ಹೋಗಲಿ ಅಂತ ಕಾಯುವ ಅಭ್ಯಾಸ ನನಗೆ. ಅಷ್ಟರಲ್ಲಿ ಫೋನಿನ ಗಂಟೆ ಹೊಡೆದುಬಿಟ್ಟಿತು.

ಲೈನು ತೀರ ಕೆಟ್ಟದಾಗಿತ್ತು. ಅಮ್ಮನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ಯಾರು? ನೀನೇನೇ? ಮಗು ಹೇಗಿದೆ?”

“ಮಗು ಚೆನ್ನಾಗಿದೆ. ಅಮ್ಮ, ಆ ಹಲಗೆ…”

“ಕೇಳಿಸ್ತಿಲ್ಲ, ಜೋರಾಗಿ ಹೇಳು!”

“ಹಲಗೆ!” ಅಂತ ಕೂಗಿದೆ. ಅಂಗಡಿಯಲ್ಲಿ ತಕ್ಕಡಿಯ ಸದ್ದು ನಿಂತಿತು. “ಮಾವ ಮಾಡಿಕೊಟ್ಟ ಹಲಗೆ! ಬಚ್ಚಲಲ್ಲಿ ಹೊಟ್ಟಿನ ಡಬ್ಬದ ಮೇಲೆ ಇಟ್ಟಿದ್ದೀಯಲ್ಲ, ಅದು!”

“ಓ, ಅದಾ? ಯಾಕೆ, ಏನಾಯ್ತು?”

“ದಿನಾ ಅದರ ಮೇಲೆ ಹೆಚ್ಚುತ್ತೀಯ ಅಂತ ನಾನು ಅವರಿಗೆ ಸುಳ್ಳು ಹೇಳಿದ್ದೆ. ಇವತ್ತು ನಿಜ ಹೇಳಿದೆ. ನಮ್ಮನೆಗೆ ಬರಲ್ಲ ಅಂತ ಚೀಲ ಬಿಚ್ಚಿಟ್ಟಿದ್ದಾರೆ. ಕಣ್ಣು ಹೋಗುತ್ತಮ್ಮ!”

ಅಮ್ಮ ನಗುತ್ತಾಳೆ ಅಂದುಕೊಂಡು ಕಾದೆ. ನಗಲಿಲ್ಲ. “ಅಯ್ಯೋ, ಅದನ್ನ ಯಾಕೆ ಹೇಳಕ್ಕೆ ಹೋದೆ ನೀನು? ಈಗಲೇ ತೊಳೆಸಿ ಅಡಿಗೆಮನೇಲಿ ಇಡ್ತೀನಿ. ಇಲ್ಲೇ ಇದೆಯಲ್ಲ ಅಂತ ಹೇಳಿದರಾಯ್ತು…”

“ಬೇಡ. ಅದು ಅಲ್ಲೇ ಇರಲಿ. ನೀನು ಬಾ.”

“ಎಲ್ಲಿಗೆ?”

“ಇಲ್ಲಿಗೆ. ಕೊಳ್ಳೇಗಾಲಕ್ಕೆ. ಬಂದು ಮಾವನನ್ನೂ ಅತ್ತೆಯನ್ನೂ ಕರಿ. ನೀನು ಅವರನ್ನ ಕರೆದೇ ಇಲ್ಲ ಅಮ್ಮ. ಕಳಿಸಿ ಅಂದಿದ್ದು ಅಪ್ಪ.”

“ನಾನಾ? ಆ ಬೀದಿಗಾ? ಬಂದು ಅವರ ಮುಖ ನೋಡಿ ಏನಂತ ಹೇಳಲೇ?”

ಕೆಂಪಾಜಮ್ಮ ನನ್ನ ಬೆನ್ನ ಹಿಂದೆಯೇ ಇದ್ದಳು. ಅವಳ ಬಾಯಿಯ ಎಲೆ ಅಡಿಕೆಯ ವಾಸನೆ ಬರುತ್ತಿತ್ತು. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ಆಗಲಿ.

“ಮುಚ್ಚಳ ಮಾಡಿದ್ದೆ, ತಪ್ಪಾಯ್ತು ಅಂತ ಹೇಳು. ನಾವು ನಕ್ಕಿದ್ದು ನಾನು ಹೇಳಿದ್ದೀನಿ, ಅದನ್ನ ನೀನು ಹೇಳಬೇಕಾಗಿಲ್ಲ. ಆಮೇಲೆ ಕರಿ. ಬರಲ್ಲ ಅಂತಾರೆ. ಅಂದರೂ ಕರಿ. ಜಗಲಿಯ ಮೇಲೆ ಅವರ ಪಕ್ಕ ಕೂತ್ಕೊಂಡು ಕರಿ.”

ತಂತಿಯಲ್ಲಿ ಬರೀ ಗುಂಯ್ ಅನ್ನುವ ಸದ್ದು. ಅಮ್ಮ ಇಟ್ಟುಬಿಟ್ಟಳೇನೋ ಅನ್ನಿಸಿತು. ಮಧ್ಯದಲ್ಲಿ ಎಕ್ಸ್‌ಚೇಂಜಿನ ಹೆಣ್ಣು ದನಿಯೊಂದು, “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಅಂತ ಕೇಳಿತು.

“ಮುಂದುವರಿಸಿ” ಅಂದಳು ಅಮ್ಮ, ನಾನು ಬಾಯಿ ತೆರೆಯುವ ಮೊದಲೇ. ಆಮೇಲೆ ಸಣ್ಣ ದನಿಯಲ್ಲಿ, ಆದರೂ ಈ ಸಲ ಚೆನ್ನಾಗಿಯೇ ಕೇಳಿಸಿತು: “ನಾಳೆ ಬೆಳಿಗ್ಗೆ ಆ ಕಡೆಗೆ ಮೊದಲನೇ ಬಸ್ಸು ಎಷ್ಟೊತ್ತಿಗೇ?”

ನನಗೆ ಗೊತ್ತಿರಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ಅಂಗಡಿಯ ಕಡೆ ತಿರುಗಿ ಕೇಳಿದೆ. ವೃಷಭೇಂದ್ರಪ್ಪ, ಕೆಂಪಾಜಮ್ಮ, ಬಂಡಳ್ಳಿಯ ಇಬ್ಬರು, ಎಲ್ಲರೂ ಒಟ್ಟಿಗೆ ಒಂದೊಂದು ಹೊತ್ತು ಹೇಳಿದರು. ಅದರಲ್ಲಿ ಎಲ್ಲಕ್ಕಿಂತ ಮುಂಚಿನದನ್ನು ನಾನು ಅಮ್ಮನಿಗೆ ಕೂಗಿ ಹೇಳಿದೆ.